ಫೋಟೊದ ಮುಖವನ್ನು ಚಿತ್ರವಾಗಿಸುವುದು: ಯಾವ ಕೆಲಸಕ್ಕೆ ಯಾವ ದಾರಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಕಲೇಶಪುರದ ನಮ್ಮ ದೊಡ್ಡಮ್ಮನ ಎಪ್ಪತ್ತರ ಶಾಂತಿಗೆ ದಿನ ಗೊತ್ತಾಯಿತು. ಅವರ ಒಂದೇ ಒಂದು ಫೋಟೊವನ್ನು ನಾಲ್ಕು ಬಗೆಯ ಚಿತ್ರವಾಗಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆಮಂತ್ರಣ ಪತ್ರಿಕೆಯ ಮೂಲೆಗೆ ಎರಡು ಅಂಗುಲದ ಚಿತ್ರ, ತಾಂಬೂಲದ ಚೀಲದ ಮೇಲೆ ಒಂದೇ ಬಣ್ಣದ ಅಚ್ಚು, ಛತ್ರದ ಬಾಗಿಲಿಗೆ ಎಂಟು ಅಡಿಯ ಬ್ಯಾನರ್, ಕೊನೆಗೆ ನಡುಮನೆಯ ಗೋಡೆಗೆ ಕಟ್ಟು ಹಾಕಿಸಿದ ಒಂದು ಚಿತ್ರ. ಹಾಸನದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿರುವ ನನ್ನನ್ನು ‘ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು’ ಎಂದು ಕೇಳುವವರು ಬಹಳ ಮಂದಿ. ಆದರೆ ಸಾಫ್ಟ್‌ವೇರಿನ ಹೆಸರಿಗಿಂತ ಮೊದಲು ಕೇಳಿಕೊಳ್ಳಬೇಕಾದವು ಎರಡಿವೆ. ಚಿತ್ರ ಕೊನೆಗೆ ಯಾವುದರ ಮೇಲೆ, ಎಷ್ಟು ದೊಡ್ಡದಾಗಿ ಮೂಡಬೇಕು ಎಂಬುದು ಒಂದು. ಯಂತ್ರ ಮುಖವನ್ನು ಕೆಡಿಸಿದಾಗ, ಅದು ಕೆಡಿಸಿಯೇ ಕೆಡಿಸುತ್ತದೆ, ಕೈಯಿಂದ ತಿದ್ದಲು ಆ ದಾರಿಯಲ್ಲಿ ಎಷ್ಟು ಅವಕಾಶ ಉಳಿದಿರುತ್ತದೆ ಎಂಬುದು ಇನ್ನೊಂದು. ಮುಂದಿನ ಹೋಲಿಕೆಯನ್ನು ಈ ಎರಡನ್ನೇ ಇಟ್ಟುಕೊಂಡು ಮಾಡಿದ್ದೇನೆ.

ಅದಕ್ಕೂ ಮುಂಚೆ ಫೋಟೊದ ವಿಷಯ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ಎಂದರೆ ಸುಮಾರು 3000 × 4000 ಪಿಕ್ಸೆಲ್. ಅಂಗುಲಕ್ಕೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ ಅದು 10 × 13 ಅಂಗುಲದವರೆಗೆ ಚೊಕ್ಕವಾಗಿ ಅಚ್ಚಾಗುತ್ತದೆ. ಅದೇ ಫೋಟೊವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಂತೆ ಕಳಿಸಿದರೆ ದಾರಿಯಲ್ಲೇ ಕುಗ್ಗಿ, ಕಣ್ಣಿನ ಅಂಚಿನಲ್ಲೆಲ್ಲ ಚೌಕಳಿ ಎದ್ದು ಬರುತ್ತದೆ; ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಪಿಕ್ಸೆಲ್ಲಿಗಿಂತ ಹೆಚ್ಚಿನದು ಬೆಳಕು. ಎದುರಿನಿಂದ ಫ್ಲ್ಯಾಶ್ ಬಿದ್ದ ಮುಖದಲ್ಲಿ ಮೂಗು ಕೆನ್ನೆಗೆ ಅಂಟಿಕೊಂಡಿರುತ್ತದೆ, ಅಂಥದ್ದರಿಂದ ಯಾವ ಫಿಲ್ಟರೂ ಗೆರೆ ತೆಗೆಯಲಾರದು. ಬೇಲೂರಿಗೆ ಹೋದಾಗ ಮದನಿಕೆಯ ಮುಖವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ: ಇಡೀ ವಿಗ್ರಹಕ್ಕೆ ಇರುವುದು ಬಳಪದ ಕಲ್ಲಿನ ಒಂದೇ ಬಣ್ಣ, ಆದರೂ ಕಣ್ಣು, ತುಟಿ, ಗಲ್ಲ ಎಲ್ಲವೂ ಬರಿಯ ನೆರಳಿನಿಂದ ಮೂಡಿರುತ್ತವೆ. ಫೋಟೊವನ್ನು ಚಿತ್ರವಾಗಿಸುವಾಗ ನಮ್ಮ ಕೈಗೆ ಸಿಗುವ ಬಂಡವಾಳವೂ ಅಷ್ಟೇ. ದೊಡ್ಡಮ್ಮನನ್ನು ಜಗಲಿಯ ಕಂಬದ ಪಕ್ಕ ಕೂರಿಸಿ, ಮೋಡದ ಬೆಳಕು ಎಡಗಡೆಯಿಂದ ಬರುವಂತೆ ತೆಗೆದ ಫೋಟೊ ನಮ್ಮದಾಗಿತ್ತು. ಅರ್ಧ ಕೆಲಸ ಅಲ್ಲೇ ಮುಗಿದಿತ್ತು.

ಸಿದ್ಧ ಫಿಲ್ಟರುಗಳು

ಫೋಟೊಶಾಪ್‌ನ ಫಿಲ್ಟರ್ ಗ್ಯಾಲರಿಯಲ್ಲಿ ಕಟೌಟ್, ಪೋಸ್ಟರ್ ಎಡ್ಜಸ್, ವಾಟರ್‌ಕಲರ್ ಮುಂತಾದವು ಇವೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಕಾರ್ಟೂನ್, ಆಯಿಲಿಫೈ ಇವೆ, ಜೊತೆಗೆ ಜಿ’ಮಿಕ್ ಎಂಬ ಉಚಿತ ಪ್ಲಗಿನ್ ಸೇರಿಸಿಕೊಂಡರೆ ಎಣಿಸಲಾರದಷ್ಟು ಬಗೆಗಳು ಸಿಗುತ್ತವೆ. ಹತ್ತು ನಿಮಿಷದಲ್ಲಿ ಫಲ ಕಾಣುವ ದಾರಿ ಇದು. ಇದರ ಕೊರತೆಯೂ ಅಷ್ಟೇ ಬೇಗ ಕಾಣುತ್ತದೆ, ಏಕೆಂದರೆ ಫಿಲ್ಟರಿಗೆ ಯಾವುದು ಮುಖ, ಯಾವುದು ಗೋಡೆ ಎಂಬ ಭೇದವಿಲ್ಲ. ದೊಡ್ಡಮ್ಮನ ಹುಬ್ಬಿಗೆ ಕೊಟ್ಟಷ್ಟೇ ಗಟ್ಟಿ ಗೆರೆಯನ್ನು ಪೋಸ್ಟರ್ ಎಡ್ಜಸ್ ಅವರ ಹಿಂದಿನ ಗೋಡೆಯಲ್ಲಿ ಮಳೆನೀರು ಇಳಿದ ಕಲೆಗೂ ಕೊಟ್ಟಿತು.

ಈ ದಾರಿ ಹಿಡಿಯುವವರು ಎರಡು ಸಂಗತಿ ತಿಳಿದಿದ್ದರೆ ಬಹಳ ಸಮಯ ಉಳಿಯುತ್ತದೆ. ಫಿಲ್ಟರು ಪಿಕ್ಸೆಲ್ಲುಗಳ ಲೆಕ್ಕದಲ್ಲಿ ಕೆಲಸ ಮಾಡುವುದರಿಂದ, ಒಂದೇ ಅಳತೆ 4000 ಪಿಕ್ಸೆಲ್ ಎತ್ತರದ ಫೋಟೊದಲ್ಲಿ ಇದ್ದೂ ಇಲ್ಲದಂತಿರುತ್ತದೆ, 1000 ಪಿಕ್ಸೆಲ್ಲಿನದಕ್ಕೆ ವಿಪರೀತವಾಗುತ್ತದೆ. ಹಾಗಾಗಿ ಮೊದಲು ಫೋಟೊವನ್ನು ಬೇಕಾದ ಅಳತೆಗೆ ತಂದು ಆಮೇಲೆ ಫಿಲ್ಟರ್ ಹಾಕಬೇಕು. ಎರಡನೆಯದಾಗಿ, ಫೋಟೊಶಾಪ್‌ನಲ್ಲಿ ಲೇಯರನ್ನು (ಒಂದರ ಮೇಲೊಂದು ಇಡುವ ಹಾಳೆಯಂಥ ಪದರ) ಮೊದಲು ಸ್ಮಾರ್ಟ್ ಆಬ್ಜೆಕ್ಟ್, ಅಂದರೆ ಮೂಲ ಚಿತ್ರ ಕೆಡದಂತೆ ಕಾಪಾಡುವ ಪದರ, ಮಾಡಿಕೊಂಡರೆ ಹಾಕಿದ ಫಿಲ್ಟರನ್ನು ಮರುದಿನವೂ ಬದಲಿಸಬಹುದು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಆವೃತ್ತಿಯಲ್ಲಿ ಫಿಲ್ಟರುಗಳು ಹೀಗೆಯೇ ಬದಲಿಸಲು ಬರುವಂತೆ ಉಳಿಯುತ್ತವೆ. ಫಿಲ್ಟರ್ ಗ್ಯಾಲರಿಯೇ ಮಸುಕಾಗಿ, ಕ್ಲಿಕ್ ಆಗದಂತೆ ಕಂಡರೆ ಗಾಬರಿ ಬೇಡ: ಫೈಲು ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿದೆ ಅಥವಾ ಹೆಚ್ಚು ಸೂಕ್ಷ್ಮ ಛಾಯೆಗಳ 16 ಬಿಟ್‌ನಲ್ಲಿದೆ ಎಂದರ್ಥ, ಅದನ್ನು ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದ 8 ಬಿಟ್‌ನ ಆರ್‌ಜಿಬಿಗೆ ತಂದರೆ ತೆರೆದುಕೊಳ್ಳುತ್ತದೆ.

ನನ್ನ ಅಭಿಪ್ರಾಯದಲ್ಲಿ ಫಿಲ್ಟರು ಸೀರೆಗೆ, ಹಿನ್ನೆಲೆಯ ತೋಟಕ್ಕೆ ಚೆನ್ನ. ಮುಖಕ್ಕೆ ಮಾಸ್ಕ್ (ಬೇಡದ ಜಾಗವನ್ನು ಮುಚ್ಚಿಡುವ ತೆರೆ) ಹಾಕಿ ಅದನ್ನು ಹೊರಗಿಟ್ಟು, ಉಳಿದದ್ದಕ್ಕೆ ಮಾತ್ರ ಬಳಸಿದರೆ ಒಳ್ಳೆಯ ಆಳು. ಇಡೀ ಚಿತ್ರವನ್ನು ಅದರ ಕೈಗೆ ಕೊಟ್ಟರೆ ಊರಿನ ಎಲ್ಲರ ಚಿತ್ರವೂ ಒಂದೇ ತರಹ ಕಾಣುತ್ತದೆ.

ಎರಡೇ ಬಣ್ಣದ ಚಿತ್ರ: ಥ್ರೆಶೋಲ್ಡ್

ತಾಂಬೂಲದ ಚೀಲದಂಥ ಸ್ಕ್ರೀನ್ ಪ್ರಿಂಟ್ ಕೆಲಸಕ್ಕೆ ಬೂದುಬಣ್ಣವೇ ಇಲ್ಲ. ಶಾಯಿ ಇದೆ ಅಥವಾ ಬಟ್ಟೆ ಇದೆ, ಅಷ್ಟೆ. ಆಗ ನೆರವಿಗೆ ಬರುವುದು ಥ್ರೆಶೋಲ್ಡ್. ಇದು ಫೋಟೊಶಾಪ್, ಗಿಂಪ್, ಬ್ರೌಸರಿನಲ್ಲೇ ನಡೆಯುವ ಫೋಟೊಪೀ, ಎಲ್ಲದರಲ್ಲೂ ಇದೆ. ಈ ಒಂದು ಕೆಲಸಕ್ಕಾಗಿ ದುಡ್ಡು ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ಕಪ್ಪಿಗೆ 0, ಬಿಳಿಗೆ 255 ಎಂದು ಪ್ರತಿ ಪಿಕ್ಸೆಲ್ಲಿನ ಹೊಳಪನ್ನು ಎಣಿಸಿ, ನಾವು ಕೊಟ್ಟ ಅಂಕಿಗಿಂತ ಕಡಿಮೆ ಇದ್ದದ್ದನ್ನೆಲ್ಲ ಕಪ್ಪು, ಉಳಿದದ್ದನ್ನು ಬಿಳಿ ಮಾಡುವುದು ಇದರ ಕೆಲಸ. ಫೋಟೊಶಾಪ್ ತಾನಾಗಿಯೇ ಹಿಡಿದುಕೊಳ್ಳುವ ಅಂಕಿ 128.

ಇಲ್ಲಿಯೇ ನಮ್ಮ ಕಡೆಯ ಮುಖಗಳಿಗೆ ತೊಂದರೆ. ದೊಡ್ಡಮ್ಮನದು ಎಣ್ಣೆಗಪ್ಪು ಬಣ್ಣ. 128ರಲ್ಲಿ ಅವರ ಮುಖದ ಮುಕ್ಕಾಲು ಭಾಗ ಕಪ್ಪಾಗಿ, ಹಣೆಯ ಮೇಲಿನ ಬೆಳಕಿನ ತುಂಡು, ಬಿಳಿಗೂದಲು, ಬೆಂಡೋಲೆ ಇಷ್ಟೇ ಉಳಿದವು. ಅಂಕಿಯನ್ನು ಇಳಿಸಿದರೆ ಮುಖ ತೆರೆದುಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಮೂಗಿನ ಅಂಚು, ಗಲ್ಲದ ಗೆರೆ ಎರಡೂ ಕರಗಿಹೋಗುತ್ತವೆ. ಇದಕ್ಕೆ ಮದ್ದು ಇರುವುದು ಥ್ರೆಶೋಲ್ಡ್‌ನಲ್ಲಿ ಅಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಚಾನೆಲ್ಲುಗಳಲ್ಲಿ, ಅಂದರೆ ಫೋಟೊದ ಒಂದೊಂದು ಮೂಲಬಣ್ಣದ ಪ್ರತ್ಯೇಕ ಕಪ್ಪು ಬಿಳುಪು ಪ್ರತಿಗಳಲ್ಲಿ. ಫೋಟೊದ ಕೆಂಪು, ಹಸಿರು, ನೀಲಿ ಚಾನೆಲ್ಲುಗಳನ್ನು ಒಂದೊಂದಾಗಿ ತೆರೆದು ನೋಡಿ. ಚರ್ಮದಲ್ಲಿ ಕೆಂಪಿನ ಅಂಶ ಹೆಚ್ಚಿರುವುದರಿಂದ ಕೆಂಪು ಚಾನೆಲ್ಲಿನಲ್ಲಿ ಮುಖ ತಿಳಿಯಾಗಿ, ನೆರಳು ಮಾತ್ರ ಗಾಢವಾಗಿ ಕಾಣುತ್ತದೆ. ನೀಲಿಯಲ್ಲಿ ಅದೇ ಮುಖ ಕಪ್ಪಾಗಿ, ಪ್ರತಿಯೊಂದು ಸುಕ್ಕೂ ಎದ್ದು ನಿಲ್ಲುತ್ತದೆ. ಕೆಂಪು ಚಾನೆಲ್ಲನ್ನೇ ಕಪ್ಪು ಬಿಳುಪಿನ ಚಿತ್ರವಾಗಿ ತೆಗೆದುಕೊಂಡು ಅದರ ಮೇಲೆ ಥ್ರೆಶೋಲ್ಡ್ ಹಾಕಿದಾಗ ದೊಡ್ಡಮ್ಮನ ಮುಖ ಮೊದಲ ಸಲ ಅವರಂತೆಯೇ ಕಂಡಿತು.

ಕಂಡಿತು, ಆದರೆ ಹಣೆಯಲ್ಲಿ ಕುಂಕುಮ ಇರಲಿಲ್ಲ. ಕುಂಕುಮವೂ ಕೆಂಪೇ ಆದ್ದರಿಂದ ಕೆಂಪು ಚಾನೆಲ್ಲಿನಲ್ಲಿ ಅದು ಚರ್ಮದ ಜೊತೆ ಬೆರೆತು ಮಾಯವಾಗಿತ್ತು. ತುಟಿಯೂ ಅರ್ಧ ಅಳಿಸಿತ್ತು. ಸುಮಂಗಲಿಯ ಚಿತ್ರದಲ್ಲಿ ಕುಂಕುಮ ಬಿಟ್ಟುಹೋಗುವುದು ನಮ್ಮ ಮನೆಗಳಲ್ಲಿ ಸಣ್ಣ ತಪ್ಪಲ್ಲ ಎಂಬುದನ್ನು ವಿವರಿಸಬೇಕಿಲ್ಲ. ಹಸಿರು ಚಾನೆಲ್ಲಿನಲ್ಲಿ ಕುಂಕುಮ, ತುಟಿ ಎರಡೂ ಗಾಢವಾಗಿ ಇರುತ್ತವೆ. ಆ ಎರಡು ಜಾಗವನ್ನು ಮಾತ್ರ ಅಲ್ಲಿಂದ ತಂದು ಮೇಲಿನ ಲೇಯರಿನಲ್ಲಿ ಇಟ್ಟು, ಸುತ್ತ ಮಾಸ್ಕ್ ಮಾಡಿದೆ. ತಲೆಗೂದಲಿಗೆ ಒಂದು ಅಂಕಿ, ಮುಖಕ್ಕೆ ಒಂದು, ಸೀರೆಯ ಅಂಚಿಗೆ ಇನ್ನೊಂದು ಎಂದು ಮೂರು ಥ್ರೆಶೋಲ್ಡ್ ಲೇಯರ್ ಇಟ್ಟುಕೊಳ್ಳುವುದೇ ಕ್ರಮ. ಇಡೀ ಚಿತ್ರಕ್ಕೆ ಒಂದೇ ಅಂಕಿ ಹುಡುಕುತ್ತ ಕುಳಿತರೆ ಸಂಜೆಯಾಗುತ್ತದೆ. ಅಂಚುಗಳು ಚೂರುಚೂರಾಗಿ ಬಂದರೆ ಥ್ರೆಶೋಲ್ಡ್‌ಗೆ ಮುಂಚೆ ಸಣ್ಣ ಚೂರುಗಳನ್ನು ನಯಮಾಡುವ ಮೀಡಿಯನ್ ಅಥವಾ ಸರ್ಫೇಸ್ ಬ್ಲರ್ ಫಿಲ್ಟರನ್ನು ಸ್ವಲ್ಪ ಹಾಕಿದರೆ ಗೆರೆ ಕೂಡಿಕೊಳ್ಳುತ್ತದೆ.

ಇಷ್ಟು ಎಚ್ಚರ ನನಗೆ ಬಂದದ್ದು ಹಿಂದೊಮ್ಮೆ ಕೆಟ್ಟಿದ್ದರಿಂದ. ನೆಂಟರ ಮನೆಯ ಗೃಹಪ್ರವೇಶಕ್ಕೆ ಅವರ ಅಜ್ಜಿಯ ಚಿತ್ರವನ್ನು ಚೀಲಕ್ಕೆ ಮಾಡಿಕೊಟ್ಟಾಗ, ಮೂಗಿನ ಕೆಳಗೆ ಬಿದ್ದ ನೆರಳನ್ನು ನಾನು ಗಮನಿಸಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಅದು ನೆರಳೇ. ಮೂರು ಅಂಗುಲಕ್ಕೆ ಇಳಿದು, ಬಟ್ಟೆಯ ಮೇಲೆ ಶಾಯಿ ಒಂದಿಷ್ಟು ಹರಡಿಕೊಂಡಾಗ ಅದು ಮೀಸೆಯಾಗಿತ್ತು. ಇನ್ನೂರು ಚೀಲ ಅಚ್ಚಾದ ಮೇಲೆ ಮನೆಯ ಹುಡುಗನೊಬ್ಬ ‘ಇದ್ಯಾರು, ತಾತನಾ?’ ಎಂದು ಕೇಳಿದ. ಅಂದಿನಿಂದ ಮೂಗಿನ ಕೆಳಗಿನ ನೆರಳನ್ನು ಎರೇಸರಿನಿಂದ ಕತ್ತರಿಸಿ, ಮೂಗಿನ ಹೊಳ್ಳೆಗಳ ಎರಡು ಸಣ್ಣ ಗುರುತು ಮಾತ್ರ ಬಿಡುತ್ತೇನೆ. ಬಟ್ಟೆಯ ಮೇಲೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆಯನ್ನು ನಂಬುವುದೂ ಇಲ್ಲ: ಕಪ್ಪು ಗೆರೆಯಾದರೆ ಹರಿದುಹೋಗುತ್ತದೆ, ಬಿಳಿ ಗೆರೆಯಾದರೆ ತುಂಬಿಹೋಗುತ್ತದೆ.

ಟ್ರೇಸ್ ಮಾಡುವುದು

ಇಲ್ಲಿಯವರೆಗಿನದು ಪಿಕ್ಸೆಲ್ಲಿನ ಚಿತ್ರ. ಎರಡು ಅಂಗುಲದ್ದನ್ನು ಎಂಟು ಅಡಿಗೆ ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ವೆಕ್ಟರ್ ಚಿತ್ರಕ್ಕೆ ಆ ತೊಂದರೆ ಇಲ್ಲ, ಅದರಲ್ಲಿರುವುದು ಗೆರೆಗಳ ಗಣಿತವಾದ್ದರಿಂದ ಯಾವ ಅಳತೆಗೂ ಅಂಚು ನಯವಾಗಿರುತ್ತದೆ. ಪಿಕ್ಸೆಲ್ಲಿನಿಂದ ವೆಕ್ಟರಿಗೆ ಸಾಗಿಸುವ ಯಂತ್ರವೇ ಟ್ರೇಸ್. ಇಲಸ್ಟ್ರೇಟರ್‌ನಲ್ಲಿ ಇದನ್ನು ಇಮೇಜ್ ಟ್ರೇಸ್ ಎನ್ನುತ್ತಾರೆ, ಕೋರಲ್‌ಡ್ರಾದಲ್ಲಿ ಪವರ್‌ಟ್ರೇಸ್, ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಬಿಟ್‌ಮ್ಯಾಪ್. ಇಂಕ್‌ಸ್ಕೇಪ್‌ನ ಒಳಗೆ ಈ ಕೆಲಸ ಮಾಡುವುದು ಪೀಟರ್ ಸೆಲಿಂಗರ್ ಎಂಬುವರು ಬರೆದ ಪೊಟ್ರೇಸ್ ಎಂಬ ಪ್ರೋಗ್ರಾಮ್, ಮತ್ತು ಕಪ್ಪು ಬಿಳುಪಿನ ಚಿತ್ರವನ್ನು ಟ್ರೇಸ್ ಮಾಡುವುದರಲ್ಲಿ ಅದು ದುಡ್ಡು ಕೊಟ್ಟು ಕೊಂಡವುಗಳಿಗೆ ಏನೂ ಸೋಲುವುದಿಲ್ಲ.

ಫೋಟೊವನ್ನು ನೇರವಾಗಿ ತಂದು 16 ಬಣ್ಣಕ್ಕೆ ಟ್ರೇಸ್ ಮಾಡುವುದು ಎಲ್ಲರೂ ಮೊದಲು ಮಾಡುವ ತಪ್ಪು. ಕೆನ್ನೆಯ ಮೇಲೆ ಬೆಳಕು ಮೆಲ್ಲಗೆ ಇಳಿಯುವುದನ್ನು ಯಂತ್ರ ಮೆಟ್ಟಿಲುಗಳಾಗಿ ಕತ್ತರಿಸುವುದರಿಂದ, ಮುಖವು ಗುಡ್ಡಗಾಡಿನ ನಕಾಶೆಯಲ್ಲಿ ಎತ್ತರ ತೋರಿಸುವ ಸುತ್ತುಗೆರೆಗಳಂತೆ ಆಗುತ್ತದೆ. ಜೊತೆಗೆ ಗೆರೆಯನ್ನು ಹಿಡಿದಿಡುವ ಬಿಂದುಗಳಾದ ಸಾವಿರಾರು ನೋಡ್‌ಗಳು ಹುಟ್ಟಿ, ಆಮೇಲೆ ತಿದ್ದಬೇಕೆಂದರೂ ಕೈ ಹಾಕುವಂತಿರುವುದಿಲ್ಲ. ಮೊದಲು ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಪೋಸ್ಟರೈಸ್ ಮಾಡಿ ಚರ್ಮಕ್ಕೆ ಮೂರು ಛಾಯೆ, ಕೂದಲಿಗೆ ಎರಡು, ಸೀರೆಗೆ ಎರಡು ಎಂದು ಇಳಿಸಿಕೊಂಡು, ಚೂರುಗಳನ್ನು ಬ್ರಷ್‌ನಿಂದ ಮುಚ್ಚಿ, ನಂತರ ಟ್ರೇಸ್‌ಗೆ ಕೊಟ್ಟರೆ ಫಲ ಬೇರೆಯೇ ಇರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಹಲವು ಬಣ್ಣಕ್ಕೆ ಟ್ರೇಸ್ ಮಾಡುವಾಗ ಸ್ಟ್ಯಾಕ್ ಎಂಬ ಆಯ್ಕೆಯನ್ನು ಗುರುತಿಸಿಡಬೇಕು. ಆಗ ಬಣ್ಣಗಳು ಅಕ್ಕಪಕ್ಕ ಅಂಟಿಸಿದಂತೆ ಇರದೆ ಒಂದರ ಮೇಲೊಂದು ಕೂರುತ್ತವೆ, ನಡುವೆ ಬಿಳಿ ಸಂದು ಕಾಣುವುದಿಲ್ಲ. ಸ್ಪೆಕಲ್ಸ್ ಹೆಚ್ಚಿಸಿದರೆ ಸಣ್ಣ ಚುಕ್ಕೆಗಳು ಹೋಗುತ್ತವೆ. ಹೋಗಬಾರದ ಮೂಗುಬೊಟ್ಟೂ ಅವುಗಳ ಜೊತೆ ಹೋಗುತ್ತದೆ, ಅದನ್ನು ಕಡೆಯಲ್ಲಿ ಕೈಯಿಂದ ಇಡಬೇಕು.

ಈ ಮೂರರಲ್ಲಿ ಯಾವುದು ಎಂದರೆ, ಹಾಸನದ ಮಟ್ಟಿಗೆ ನಾನು ಕಂಡಂತೆ, ಅಚ್ಚು ಹಾಕುವವರ ಮೇಜಿನಲ್ಲಿ ಇರುವುದು ಕೋರಲ್‌ಡ್ರಾ. ಅವರೊಂದಿಗೆ ದಿನವೂ ವ್ಯವಹಾರ ಇರುವವರಿಗೆ ಅದೇ ಅನುಕೂಲ. ವರ್ಷಕ್ಕೊಂದೆರಡು ಚಿತ್ರ ಮಾಡುವವರು ಇಂಕ್‌ಸ್ಕೇಪ್‌ನಲ್ಲಿ ಮಾಡಿ ಪಿಡಿಎಫ್ ಕೊಟ್ಟರೆ ಸಾಕು. ಇಲಸ್ಟ್ರೇಟರ್ ಚೆನ್ನಾಗಿದೆ, ಆದರೆ ಅದನ್ನು ಮಾಡುವ ಅಡೋಬಿಯವರು 2013ರಿಂದ ಬಾಡಿಗೆಯ ಲೆಕ್ಕಕ್ಕೆ ತಿರುಗಿರುವುದರಿಂದ ಒಂದು ಸಮಾರಂಭದ ಕೆಲಸಕ್ಕಾಗಿ ಅದನ್ನು ಹಿಡಿಯುವುದು ನಷ್ಟದ ಬಾಬತ್ತು.

ಕೈಯಿಂದ ಎಳೆಯುವುದು

ವೆಕ್ಟರ್ ಸಾಫ್ಟ್‌ವೇರಿನಲ್ಲಿ ಬಿಂದು ಇಡುತ್ತ ಗೆರೆ ಎಳೆಯುವ ಪೆನ್ ಟೂಲಿನ ದಾರಿ ನಿಧಾನದ್ದು. ದೊಡ್ಡಮ್ಮನ ಒಂದು ಮುಖಕ್ಕೆ ನನಗೆ ಎರಡು ಸಂಜೆ ಬೇಕಾದವು. ಆದರೂ ಗೋಡೆಗೆ ಹಾಕುವ ಚಿತ್ರಕ್ಕೆ, ಬ್ಯಾನರಿಗೆ ನಾನು ಇದನ್ನೇ ಹೇಳುವುದು, ಏಕೆಂದರೆ ಎಲ್ಲಿ ಗೆರೆ ಬೇಕು ಎಂಬುದಕ್ಕಿಂತ ಎಲ್ಲಿ ಬೇಡ ಎಂಬುದನ್ನು ಇಲ್ಲಿ ಮಾತ್ರ ನಾವು ತೀರ್ಮಾನಿಸುತ್ತೇವೆ. ಫೋಟೊವನ್ನು ಕೆಳಗಿನ ಲೇಯರಿನಲ್ಲಿ ಅರ್ಧ ಮಸುಕು ಮಾಡಿ ಬೀಗ ಹಾಕಿ, ಮೇಲೆ ಹೊಸ ಲೇಯರಿನಲ್ಲಿ ಎಳೆಯುತ್ತ ಹೋಗುವುದು ರೂಢಿ. ಪೆನ್ ಟೂಲಿನ ಬಾಗುಗೆರೆಗಳಿಗೆ ಬೆಜಿಯರ್ ಗೆರೆ ಎಂಬ ಹೆಸರು ಬಂದದ್ದು, 1960ರ ದಶಕದಲ್ಲಿ ಫ್ರಾನ್ಸಿನ ರೆನೊ ಕಂಪನಿಯಲ್ಲಿ ಕಾರಿನ ಮೈಯನ್ನು ವಿನ್ಯಾಸ ಮಾಡಲು ಅವನ್ನು ಬಳಕೆಗೆ ತಂದ ಎಂಜಿನಿಯರ್ ಪಿಯರ್ ಬೆಜಿಯರ್ ಅವರಿಂದ. ಕಾರಿನ ಮೈಯಂತೆಯೇ ಕೆನ್ನೆಯ ಬಾಗಿಗೂ ನೋಡ್ ಕಡಿಮೆಯಾದಷ್ಟೂ ನಯ ಹೆಚ್ಚು. ಗೆರೆ ದಿಕ್ಕು ಬದಲಿಸುವಲ್ಲಿ ಮಾತ್ರ ನೋಡ್ ಇಡಬೇಕು. ಕಿವಿಯಿಂದ ಗಲ್ಲದವರೆಗಿನ ಗೆರೆಗೆ ಮೂರು ನೋಡ್ ಸಾಕು, ಹೊಸಬರು ಮೂವತ್ತು ಇಟ್ಟಿರುತ್ತಾರೆ.

ಮುಖದಲ್ಲಿ ಎಡವುವ ಜಾಗಗಳು ಯಾವಾಗಲೂ ಅವೇ. ಹಲ್ಲುಗಳ ನಡುವೆ ಗೆರೆ ಎಳೆಯಬಾರದು. ಎಳೆದರೆ ನಗು ಹೋಗಿ ಹಲ್ಲುಕಿರಿದಂತಾಗುತ್ತದೆ, ಇಡೀ ಸಾಲನ್ನು ಒಂದೇ ಬಿಳಿ ಆಕಾರ ಮಾಡಿ ಬಿಡಬೇಕು. ಮೂಗಿಗೆ ಎರಡೂ ಬದಿಯಿಂದ ಗೆರೆ ಬೇಡ, ನೆರಳಿರುವ ಬದಿಯೊಂದು ಸಾಕು. ಮೇಲಿನ ರೆಪ್ಪೆಯ ಗೆರೆ ದಪ್ಪ, ಕೆಳಗಿನದು ಸಣ್ಣ ಅಥವಾ ಇಲ್ಲವೇ ಇಲ್ಲ. ಕಣ್ಣುಗುಡ್ಡೆಯಲ್ಲಿ ಬೆಳಕಿನ ಬಿಳಿ ಚುಕ್ಕೆಯೊಂದನ್ನು ಬಿಟ್ಟರೆ ಅದಕ್ಕೆ ಜೀವ. ವಯಸ್ಸಾದವರ ಸುಕ್ಕುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಫೋಟೊದಲ್ಲಿ ಮೃದುವಾದ ನೆರಳಾಗಿರುವ ಸುಕ್ಕನ್ನು ಕಪ್ಪು ಗೆರೆ ಮಾಡಿದ ಕೂಡಲೇ ಅದರ ಬಲ ಹತ್ತುಪಟ್ಟಾಗುತ್ತದೆ, ಎಪ್ಪತ್ತರವರು ತೊಂಬತ್ತರವರಂತೆ ಕಾಣುತ್ತಾರೆ. ಹಾಗೆಂದು ಎಲ್ಲವನ್ನೂ ಒರೆಸಿದರೆ ಅವರ ಮಗಳ ಚಿತ್ರವಾಗುತ್ತದೆ. ದೊಡ್ಡಮ್ಮನಿಗೆ ನಕ್ಕಾಗ ಕಣ್ಣಿನ ಹೊರತುದಿಯಲ್ಲಿ ಮೂರು ಗೆರೆ ಬೀಳುತ್ತವೆ, ಬಾಯಿಯ ಎಡಬದಿಯಲ್ಲಿ ಒಂದು. ಆ ನಾಲ್ಕನ್ನು ಇಟ್ಟು, ಹಣೆಯವನ್ನೆಲ್ಲ ಚರ್ಮಕ್ಕಿಂತ ಒಂದು ಛಾಯೆ ಮಾತ್ರ ಗಾಢವಾದ ಕಂದಿನಲ್ಲಿ ಸೂಚಿಸಿ ಬಿಟ್ಟೆ.

ನೋಡ್‌ಗಳಲ್ಲಿ ತಾಳ್ಮೆ ಇಲ್ಲದವರಿಗೆ, ಚಿತ್ರಕಲೆಯ ಕೈ ಇರುವವರಿಗೆ ಕೃತಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್ ಇದೆ. ಉಚಿತ, ಬ್ರಷ್‌ಗಳು ಹೇರಳ, ಕೈ ನಡುಗಿದರೂ ಗೆರೆಯನ್ನು ನೇರಮಾಡಿಕೊಡುವ ಸ್ಟೆಬಿಲೈಜರ್ ಅದರಲ್ಲಿದೆ. ಇದಕ್ಕೆ ಪೆನ್ ಟ್ಯಾಬ್ಲೆಟ್ ಬೇಕೇ ಬೇಕು, ಮೌಸಿನಲ್ಲಿ ಆಗುವ ಕೆಲಸವಲ್ಲ. ಪರದೆ ಇಲ್ಲದ ಸಾದಾ ಟ್ಯಾಬ್ಲೆಟ್ಟೇ ಸಾಕು. ಆದರೆ ಕೃತಾದಲ್ಲಿ ಬ್ರಷ್‌ನಿಂದ ಬರೆದದ್ದು ಪಿಕ್ಸೆಲ್ಲಿನ ಚಿತ್ರವೇ ಆದ್ದರಿಂದ, ಬೇಕಾದ ದೊಡ್ಡ ಅಳತೆಯಲ್ಲೇ ಮೊದಲಿಂದ ಬರೆಯಬೇಕು.

ಎಐ ಮತ್ತು ಮೊಬೈಲ್ ಆ್ಯಪ್‌ಗಳು

ಫೋಟೊಗೆ ವರ್ಣಚಿತ್ರದ ಶೈಲಿ ತೊಡಿಸುವ ಯಂತ್ರಕಲಿಕೆಯ ವಿಧಾನವನ್ನು ಜರ್ಮನಿಯ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಮರುವರ್ಷವೇ ಪ್ರಿಸ್ಮಾ ಎಂಬ ಆ್ಯಪ್ ಅದನ್ನು ಎಲ್ಲರ ಮೊಬೈಲಿಗೆ ತಂದಿತು. ಆ ಬಗೆಯದು ಫೋಟೊವನ್ನು ಹಿಡಿದುಕೊಂಡೇ ಅದರ ಮೇಲ್ಮೈಯನ್ನು ಬದಲಿಸುತ್ತದೆ. ಈಗಿನ ಚಿತ್ರ ಸೃಷ್ಟಿಸುವ ಎಐ ಹಾಗಲ್ಲ, ಫೋಟೊವನ್ನು ಸುಳಿವಾಗಿ ಇಟ್ಟುಕೊಂಡು ಹೊಸ ಮುಖವನ್ನೇ ಬರೆಯುತ್ತದೆ. ನೋಡಲು ಇದರಷ್ಟು ಅಂದವಾದದ್ದು ಇನ್ನೊಂದಿಲ್ಲ ಎಂಬುದನ್ನು ಒಪ್ಪಬೇಕು. ನಾನು ಕೊಟ್ಟ ಫೋಟೊಗೆ ಬಂದ ಅಜ್ಜಿ ಬಹಳ ಲಕ್ಷಣವಾಗಿದ್ದರು. ದೊಡ್ಡಮ್ಮ ಮಾತ್ರ ಆಗಿರಲಿಲ್ಲ. ಬಣ್ಣ ಎರಡು ಛಾಯೆ ಬೆಳ್ಳಗಾಗಿತ್ತು, ಮೂಗುಬೊಟ್ಟು ಬಲದಿಂದ ಎಡಕ್ಕೆ ಹೋಗಿತ್ತು, ಉದ್ದಕ್ಕೆ ಇಟ್ಟ ಕುಂಕುಮ ದುಂಡಗಾಗಿತ್ತು. ವಾಟ್ಸಾಪ್‌ನ ಶುಭಾಶಯಕ್ಕೆ, ಬಣ್ಣಗಳ ಕಲ್ಪನೆ ಪಡೆಯುವುದಕ್ಕೆ ಇದು ಸರಿ. ಇನ್ನೊಬ್ಬರ ಮುಖವನ್ನು, ಅದರಲ್ಲೂ ಮಕ್ಕಳದನ್ನು, ಯಾವುದೋ ಸರ್ವರಿಗೆ ಏರಿಸುವ ಮುಂಚೆ ಮನೆಯವರನ್ನು ಕೇಳುವುದು ಸಭ್ಯತೆ.

ನಾಲ್ಕು ಕೆಲಸಕ್ಕೆ ಕೊನೆಗೆ ಹಿಡಿದದ್ದು

ಚೀಲಕ್ಕೆ ಥ್ರೆಶೋಲ್ಡ್ ಮಾಡಿ, ಅದನ್ನು ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿ ಕೊಟ್ಟೆ. ಬ್ಯಾನರಿಗೂ ಗೋಡೆಯ ಚಿತ್ರಕ್ಕೂ ಪೆನ್ ಟೂಲಿನಿಂದ ಎಳೆದ ಒಂದೇ ವೆಕ್ಟರ್ ಚಿತ್ರ ಸಾಕಾಯಿತು. ಪತ್ರಿಕೆಯದು ಮಾತ್ರ ನಾನು ಎಣಿಸಿದಂತೆ ಆಗಲಿಲ್ಲ: ದೊಡ್ಡ ಚಿತ್ರವನ್ನೇ ಎರಡು ಅಂಗುಲಕ್ಕೆ ಇಳಿಸಿದಾಗ ಕಣ್ಣಿನ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು, ಹಾಗಾಗಿ ಅರ್ಧ ಗೆರೆ ತೆಗೆದು, ಉಳಿದವನ್ನು ದಪ್ಪ ಮಾಡಿ ಬೇರೆಯೇ ಒಂದು ಪ್ರತಿ ಮಾಡಬೇಕಾಯಿತು. ಸಣ್ಣ ಅಳತೆಗೆ ಬೇರೆ ಚಿತ್ರ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಮೇಲು. ಫಿಲ್ಟರು ಬಂದದ್ದು ಗೋಡೆಯ ಚಿತ್ರದ ಹಿನ್ನೆಲೆಗೆ, ಕಾಫಿ ಗಿಡಗಳ ಎಲೆಯ ರಾಶಿಗೆ.

ಪ್ರೆಸ್ಸಿಗೆ ಕೊಡುವಾಗ ಕನ್ನಡ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಗಳಾಗಿ ಬದಲಿಸಿ, ಕೊಡಬೇಕು; ನಮ್ಮಲ್ಲಿರುವ ನುಡಿ ಫಾಂಟು ಅವರಲ್ಲಿ ಇಲ್ಲದಿದ್ದರೆ ದೊಡ್ಡಮ್ಮನ ಹೆಸರು ಅರ್ಥವಾಗದ ಚಿಹ್ನೆಗಳಾಗಿ ಬರುತ್ತದೆ. ಕೋರಲ್ ಫೈಲನ್ನು ಅವರ ಹಳೆಯ ಆವೃತ್ತಿಯಲ್ಲಿ ತೆರೆಯುವಂತೆ ಇಳಿಸಿ ಉಳಿಸಬೇಕು, ಅಥವಾ ಪಿಡಿಎಫ್ ಕೊಡಬೇಕು. ಚೀಲದ ವಿಷಯದಲ್ಲಿ ಮೊದಲ ಒಂದನ್ನು ಅಚ್ಚು ಹಾಕಿಸಿ, ಶಾಯಿ ಒಣಗುವವರೆಗೆ ಅಲ್ಲೇ ಕುಳಿತು, ಬಾಗಿಲ ಬೆಳಕಿಗೆ ಹಿಡಿದು ನೋಡಿ. ನಾನು ಮೊದಲು ನೋಡಿದ್ದು ಮೂಗಿನ ಕೆಳಗೆ.